ಧ್ವನಿ-ಚಿತ್ರಗಳ ಭಂಡಾರ ಮತ್ತು ಅದರ ಪಾಲನೆ

(ಮಹೋತ್ಸವದ ಎರಡನೆಯ ದಿನ ಮಧ್ಯಾಹ್ನದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

  

ಬೆಳಗಿನಿಂದ ಈ ವೇದಿಕೆಯಲ್ಲಿ ವಿದ್ವಾಂಸರು ಘನವಾದ ವಿಷಯಗಳನ್ನು ಕುರಿತು ಮಾತನಾಡಿರುವರು. ನನಗೆ ಅಪ್ಪಣೆಯಾಗಿರುವ ವಿಷಯವು ಆ ಸಾಲಿನಲ್ಲಿ ಕುಳಿತುಕೊಳ್ಳತಕ್ಕದ್ದಲ್ಲವೆಂದು ಕೆಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ಪುಸ್ತಕಭಂಡಾರದ ಪಕ್ಕದ ಕೋಣೆಯಲ್ಲಿ ಮೂರು ಟ್ರಂಕುಗಳೂ ಒಂದು ಗೋಡೆಕಪಾಟೂ ಇರುವುದನ್ನು ತಾವು ಬಲ್ಲಿರಿ. ಹಿಂದಿನ ಗುರುಗಳವರ ಪ್ರವಚನಗಳ ಸ್ಪೂಲುಗಳು, ಕ್ಯಾಸೆಟ್ಟುಗಳು, ಜಾತ್ರೆಗಳ ವೀಡಿಯೋ ಟೇಪುಗಳು, ಸಿಡಿಗಳು, ಫೋಟೋಗಳು, ಈಚೆಗೆ ಗಣಕಯಂತ್ರದ ಹಾರ್ಡ್ ಡಿಸ್ಕುಗಳು, ಹೀಗೆ ಅರ್ಧ ಶತಮಾನಕ್ಕೂ ಮೇಲ್ಪಟ್ಟ ಕಾಲದ ಧ್ವನಿಯೂ ಚಿತ್ರವೂ ಅಲ್ಲಿ ಸೇರಿಕೊಂಡಿವೆ. ಇವನ್ನು ಹೇಗೆ ಕಾಯಬೇಕು, ಬೇಕಾದಾಗ ಕೈಗೆ ಸಿಗುವಂತೆ ಹೇಗೆ ಇಡಬೇಕು, ಯಾರಿಗೆ ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದೇ ನನ್ನ ಇಂದಿನ ವಿಷಯ. ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಉರುಹೊಡೆದು ಬೆಳೆದವನಿಗೆ ಈ ಯಂತ್ರಗಳ ಗೊಡವೆ ಹೇಗೆ ಬಂದಿತೆಂದು ಕೇಳುವಿರಾದರೆ, ಅದಕ್ಕೆ ಕಾರಣ ನನ್ನದೇ ಒಂದು ಅಪರಾಧ. ಅದನ್ನು ಮೊದಲು ಹೇಳಿಬಿಡುವೆನು.

ನನಗೆ ಆಗ ಹದಿನಾರು ವರ್ಷ. ಪಾಠಶಾಲೆಯ ವಿದ್ಯಾರ್ಥಿಯಾಗಿ ಇದೇ ಮಠದ ಪ್ರಸಾದನಿಲಯದಲ್ಲಿದ್ದೆನು. ಭಕ್ತರೊಬ್ಬರು ಮಠಕ್ಕೆ ಟೇಪ್‌ರೆಕಾರ್ಡರನ್ನು ಸಮರ್ಪಿಸಿದ್ದರು. ಆ ವರ್ಷದ ಶ್ರಾವಣದಲ್ಲಿ ಗುರುಗಳವರು ಹೇಳಿದ ಪ್ರವಚನವನ್ನು ಯಾರೋ ಅದರಲ್ಲಿ ಹಿಡಿದಿಟ್ಟಿದ್ದರು. ನಾವು ನಾಲ್ಕು ಮಂದಿ ಹುಡುಗರು ನಮ್ಮ ವಚನಗಾಯನವನ್ನು ನಾವೇ ಕೇಳಬೇಕೆಂಬ ಚಪಲದಿಂದ ಖಾಲಿ ಕ್ಯಾಸೆಟ್ಟನ್ನು ಹುಡುಕಿದೆವು. ಮೇಲೆ ಏನೂ ಬರೆಯದಿದ್ದ ಒಂದು ಕ್ಯಾಸೆಟ್ಟು ಸಿಕ್ಕಿತು. ಬರವಣಿಗೆಯಿಲ್ಲವೆಂದ ಮೇಲೆ ಖಾಲಿಯೇ ಇರಬೇಕೆಂದು ನಾನು ನಿರ್ಧರಿಸಿದೆನು. ಗುಂಡಿಯನ್ನು ಒತ್ತಿದವನೂ ನಾನೇ. ಮೊದಲ ಬದಿಯೆಲ್ಲ ಹಾಡಿದೆವು. ತಿರುಗಿಸಿ ಎರಡನೆಯ ಬದಿಯಲ್ಲಿಯೂ ಹಾಡಿದೆವು.

ಎಂಟು ದಿನಗಳ ತರುವಾಯ ಸಂಗತಿ ಹೊರಬಿದ್ದಿತು. ಹಿರಿಯರು ನನ್ನನ್ನು ಗುರುಗಳವರ ಮುಂದೆ ನಿಲ್ಲಿಸಿದರು. ಅವರು ನನ್ನನ್ನು ಒಂದು ಕ್ಷಣ ನೋಡಿ, "ಹಾಡು ಚಲೋ ಬಂದೈತೇನೋ ತಮ್ಮಾ?" ಎಂದು ಮಾತ್ರ ಕೇಳಿದರು. ಮತ್ತೊಮ್ಮೆ ಆ ಪ್ರವಚನವನ್ನು ಅಪ್ಪಣೆ ಕೊಡಿಸಬೇಕೆಂದು ಬೇಡುವ ಧೈರ್ಯ ನನಗಾಗಲಿಲ್ಲ. ಎರಡು ವರ್ಷಗಳಲ್ಲಿ ಅವರು ಲಿಂಗೈಕ್ಯರಾದರು. ಆ ಕ್ಯಾಸೆಟ್ಟು ಇಂದಿಗೂ ನನ್ನ ಬಳಿ ಇರುವುದು. ಎರಡನೆಯ ಬದಿಯಲ್ಲಿ ನಮ್ಮ ಹಾಡು ಮುಗಿದು ಗುಂಡಿಯನ್ನು ಬಿಟ್ಟ ಸದ್ದಾದ ಮೇಲೆ, ಅಳಿಸದೆ ಉಳಿದ ನಾಲ್ಕು ನಿಮಿಷಗಳ ಕಾಲ ಗುರುಗಳವರ ಧ್ವನಿ ಕೇಳಿಬರುವುದು. "ಅದಕ್ಕಾಗಿ" ಎಂಬ ಮಾತಿನಿಂದ ಅದು ಆರಂಭವಾಗುವುದು. ಯಾವುದಕ್ಕಾಗಿ ಎಂಬುದು ನಮ್ಮ ಹಾಡಿನ ಅಡಿಯಲ್ಲಿ ಹೋಗಿಬಿಟ್ಟಿದೆ.

ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳಿರುವುವು. ಅವನ್ನು ಮುರಿದುಬಿಟ್ಟರೆ ಯಂತ್ರವು ಅದರ ಮೇಲೆ ಮತ್ತೇನನ್ನೂ ಬರೆಯಲೊಲ್ಲದು. ಈ ಸಂಗತಿಯನ್ನು ನಾನು ಅರಿತುದು ಆ ಮೇಲೆ. ಒಂದು ಸಾಲಿನ ಬರವಣಿಗೆ, ಇಲ್ಲವೆ ಬೆರಳಿನಿಂದ ಮುರಿಯಬಹುದಾದ ಆ ಎರಡು ಹಲ್ಲುಗಳು, ಇವುಗಳಲ್ಲಿ ಯಾವುದಾದರೊಂದನ್ನು ಯಾರಾದರೂ ಮಾಡಿದ್ದರೆ ಆ ಪ್ರವಚನವು ಇಂದು ನಮ್ಮೊಡನೆ ಇರುತ್ತಿತ್ತು.

ಇಂತಹ ಪ್ರಮಾದವು ಹಳ್ಳಿಯ ಹುಡುಗರಿಗೆ ಮಾತ್ರ ಮೀಸಲಲ್ಲ. 1969ನೆಯ ಜುಲೈ ತಿಂಗಳಲ್ಲಿ ಮನುಷ್ಯನು ಚಂದ್ರನ ಮೇಲೆ ಮೊದಲ ಸಲ ಕಾಲಿಟ್ಟಾಗ, ಅಲ್ಲಿಂದ ಬಂದ ಚಿತ್ರವನ್ನು ಆಸ್ಟ್ರೇಲಿಯಾ ಮತ್ತು ಅಮೇರಿಕಾ ದೇಶಗಳ ನೆಲೆಗಳಲ್ಲಿ ಅಗಲವಾದ ಕಾಂತೀಯ ಟೇಪುಗಳ ಮೇಲೆ ಹಿಡಿದಿದ್ದರು. ಲೋಕವು ಮನೆಮನೆಯ ದೂರದರ್ಶನದಲ್ಲಿ ಕಂಡುದು ಅದರ ರೂಪಾಂತರವನ್ನು. ರೂಪಾಂತರಗೊಳಿಸುವಾಗ ಸ್ಪಷ್ಟತೆ ಬಹಳ ಕುಗ್ಗಿತ್ತು. ಮೂಲವನ್ನು ನೋಡಬೇಕೆಂದು ಎಷ್ಟೋ ವರ್ಷಗಳ ಮೇಲೆ ಹುಡುಕಲು ತೊಡಗಿದಾಗ ಆ ಟೇಪುಗಳು ಎಲ್ಲಿಯೂ ಸಿಕ್ಕಲಿಲ್ಲ. ಟೇಪುಗಳಿಗೆ ಅಭಾವವಿದ್ದ ಕಾಲದಲ್ಲಿ ಹಳೆಯವನ್ನು ಅಳಿಸಿ ಪುನಃ ಬಳಸುವ ಪದ್ಧತಿಯಿದ್ದಿತೆಂದೂ, ಚಂದ್ರಯಾತ್ರೆಯ ಮೂಲವೂ ಹಾಗೆಯೇ ಅಳಿದುಹೋಗಿರಬೇಕೆಂದೂ ನಾಸಾ ಸಂಸ್ಥೆಯು 2009ರಲ್ಲಿ ತಿಳಿಸಿತು. ಚಂದ್ರನನ್ನು ಮುಟ್ಟಿಬಂದ ಬುದ್ಧಿವಂತರು ತಮ್ಮ ಕಪಾಟಿನಲ್ಲಿದ್ದುದನ್ನು ಕಳೆದುಕೊಂಡರು. ಅಳಿಸಿದವನು ದುಷ್ಟನಾಗಿರಲಿಲ್ಲ, ತನ್ನ ಕೈಯಲ್ಲಿರುವುದು ಏನೆಂಬುದನ್ನು ಅವನು ತಿಳಿದಿರಲಿಲ್ಲ, ಅಷ್ಟೆ.

ಇದರಿಂದ ನನಗೆ ತೋರುವುದೇನೆಂದರೆ, ಧ್ವನಿಯು ಅಳಿಯುವುದಕ್ಕೆ ಬಹಳ ಮುಂಚೆಯೇ ಅದರ ಹೆಸರು ಅಳಿದಿರುವುದು. ಹೆಸರು ಹೋದ ವಸ್ತುವನ್ನು ಯಾರು ಬೇಕಾದರೂ ಅಳಿಸಬಹುದು, ಎಸೆಯಬಹುದು, ಬೇರೆಯವರದೆಂದು ಹೇಳಬಹುದು. ಆದುದರಿಂದ ಭಂಡಾರದ ಕೆಲಸವು ಯಂತ್ರದಿಂದಲ್ಲ, ಹೆಸರು ಬರೆಯುವುದರಿಂದ ಆರಂಭವಾಗಬೇಕು.

ಈ ಮಾತನ್ನು ಚೆನ್ನಾಗಿ ಅರಿತಿದ್ದವಳು ಒಬ್ಬ ಗಾಯಕಿ. 1902ನೆಯ ನವೆಂಬರದಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಎಂಬ ಪ್ರಖ್ಯಾತ ಗಾಯಕಿಯ ಗಾನವನ್ನು ತಟ್ಟೆಗಳಲ್ಲಿ ಹಿಡಿದರು. ಒಂದು ಹಾಡಿಗೆ ಸುಮಾರು ಮೂರು ನಿಮಿಷಗಳೊಳಗಿನ ಕಾಲ. ಅಷ್ಟರಲ್ಲಿ ರಾಗದ ಸಾರವನ್ನು ತೋರಿಸಿ, ಕಟ್ಟಕಡೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಅವಳು ಮುಗಿಸುತ್ತಿದ್ದಳು. ಅದು ಅಹಂಕಾರವೆಂದು ಕೇಳುವವರಿಗೆ ತೋರಬಹುದು. ಆದರೆ ಆ ಅಚ್ಚುಗಳು ಹಡಗನ್ನೇರಿ ಜರ್ಮನಿಯ ಹ್ಯಾನೋವರ್ ಪಟ್ಟಣಕ್ಕೆ ಹೋಗಬೇಕಾಗಿದ್ದಿತು. ಅಲ್ಲಿ ತಟ್ಟೆಗಳನ್ನು ಒತ್ತಿ ಚೀಟಿ ಅಂಟಿಸುವವರಿಗೆ ಹಿಂದೂಸ್ಥಾನದ ಭಾಷೆಯೂ ತಿಳಿಯದು, ಗಾಯಕರ ಗುರುತೂ ತಿಳಿಯದು. ಚೀಟಿ ತಪ್ಪಬಾರದೆಂದು ಹೆಸರನ್ನು ಹಾಡಿನೊಳಗೇ ಸೇರಿಸಿದರು. ಚೀಟಿ ಹರಿದುಹೋದರೂ, ಪೆಟ್ಟಿಗೆ ಕಳೆದರೂ, ನೂರಿಪ್ಪತ್ತು ವರ್ಷಗಳ ಮೇಲೆ ಇಂದಿಗೂ ಆ ತಟ್ಟೆ ತನ್ನನ್ನು ತಾನೇ ಪರಿಚಯ ಮಾಡಿಕೊಳ್ಳುವುದು. ನಮ್ಮಲ್ಲಿ ಇನ್ನು ಮುಂದೆ ಪ್ರವಚನವನ್ನು ಮುದ್ರಿಸುವ ಮೊದಲು, ದಿನ, ಸ್ಥಳ, ಮಾತನಾಡುವವರು, ವಿಷಯ, ಇಷ್ಟನ್ನು ಮುದ್ರಿಸುವವನು ತನ್ನ ಬಾಯಿಂದ ಹೇಳಿ ಆಮೇಲೆ ಸುಮ್ಮನಾಗಬೇಕೆಂದು ನಾನು ಬೇಡಿಕೊಳ್ಳುವೆನು. ಅದಕ್ಕೆ ಬೇಕಾದುದು ಹತ್ತು ಸೆಕೆಂಡು.

ಓಲೆಗರಿಗಳ ಕಾಲದ ನಮ್ಮ ಲಿಪಿಕಾರರಿಗೂ ಇದು ಹೊಸತಾಗಿರಲಿಲ್ಲ. ಕಟ್ಟಿನ ಕೊನೆಯ ಗರಿಯನ್ನು ನೋಡಿರಿ. ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾರ ಓದಿಗಾಗಿ ಯಾರು ಬರೆದರು ಎಂಬುದನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬಲ್ಲವರನ್ನು ಬೇಡಿ ಲಿಪಿಕಾರನು ಕಂಟವನ್ನು ಕೆಳಗಿಡುವನು. ಆ ಒಂದು ಗರಿ ಇಲ್ಲದ ಕಟ್ಟನ್ನು ಕೈಗೆತ್ತಿಕೊಂಡ ಸಂಶೋಧಕನ ಪಾಡು ಏನೆಂಬುದನ್ನು ಹಳೆಯ ಗ್ರಂಥಗಳನ್ನು ಸಂಪಾದಿಸಿದವರು ಬಲ್ಲರು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಮನೆಗಳಿಂದಲೂ ಮಠಗಳಿಂದಲೂ ವಚನಗಳ ಓಲೆಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅವರಿಗಾಗಿ ಯಾರೋ ಎಂದೋ ಕಾದಿಟ್ಟಿದ್ದರು. ಆ ಕಾದಿಟ್ಟವರಲ್ಲಿ ಹೆಚ್ಚಿನವರಿಗೆ ತಾವು ಕಾದುದರ ಬೆಲೆ ಎಷ್ಟೆಂಬುದು ತಿಳಿದಿರಲಾರದು. ಆದರೂ ಬಟ್ಟೆಯಲ್ಲಿ ಸುತ್ತಿ, ಎಣ್ಣೆ ಸವರಿ, ಗರಿ ಮುರಿಯುವ ಹೊತ್ತಿಗೆ ಬೇರೆ ಪ್ರತಿಯನ್ನು ಮಾಡಿಸಿ ಮುಂದಿನವರಿಗೆ ಕೊಟ್ಟರು.

ಇನ್ನು ನಮ್ಮ ಟ್ರಂಕುಗಳ ವಿಷಯ. ಕಳೆದ ವರ್ಷ ಅವನ್ನು ತೆರೆದಾಗ ಮೊದಲು ಮೂಗಿಗೆ ಬಂದುದು ಹುಳಿಯ ವಾಸನೆ. ಹಳೆಯ ಸ್ಪೂಲುಗಳಲ್ಲಿ ಅಸಿಟೇಟ್ ಎಂಬ ವಸ್ತುವಿನಿಂದ ಮಾಡಿದವು ಸೆಕೆಗೂ ತೇವಕ್ಕೂ ಸಿಕ್ಕಿ ಒಡೆಯತೊಡಗಿದಾಗ ಹೊರಡುವ ವಾಸನೆ ಅದು. ಒಂದಕ್ಕೆ ಹತ್ತಿದ ರೋಗ ಪಕ್ಕದವಕ್ಕೂ ಬೇಗನೆ ಹತ್ತುವುದು, ಆದುದರಿಂದ ಅಂಥವನ್ನು ಬೇರ್ಪಡಿಸಿದೆವು. ಕೆಲವು ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ತೇವವನ್ನು ಕುಡಿದು ಕರಗಿ, ಸುರುಳಿ ಬಿಚ್ಚಿದರೆ ಕಂದುಬಣ್ಣದ ಜಿಗಟು ಕೈಗೆ ಹತ್ತುತ್ತಿದ್ದಿತು. ಇಂಥವನ್ನು ಯಂತ್ರಕ್ಕೆ ಹಾಕಿ ಒಮ್ಮೆ ತಿರುಗಿಸಿದರೆ ಧ್ವನಿಯೆಲ್ಲ ಉದುರಿ ಯಂತ್ರದ ಬಾಯಿಗೆ ಮೆತ್ತಿಕೊಳ್ಳುವುದು. ಆತುರಪಟ್ಟು ಕೇಳಹೋದವರೇ ಅನೇಕ ಕಡೆಗಳಲ್ಲಿ ಟೇಪುಗಳನ್ನು ಕೊಂದಿರುವರು.

ಯಂತ್ರಗಳ ಕಥೆ ಇನ್ನೂ ಕಷ್ಟದ್ದು. ಜಾತ್ರೆಯ ವೀಡಿಯೋಗಳಿರುವ ವಿಎಚ್‌ಎಸ್ ಟೇಪನ್ನು ಓಡಿಸುವ ಯಂತ್ರವನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯಿ ಕಂಪೆನಿಯು 2016ನೆಯ ಜುಲೈಯಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಇನ್ನು ಇರುವುದು ಹಳೆಯ ಯಂತ್ರಗಳು, ಅವನ್ನು ರಿಪೇರಿ ಮಾಡಬಲ್ಲ ವಯಸ್ಸಾದ ಕೆಲವು ಕೈಗಳು, ಇಷ್ಟೆ. ಟೇಪು ಚೆನ್ನಾಗಿದ್ದರೂ ಓದುವ ಯಂತ್ರವಿಲ್ಲದಿದ್ದರೆ ಅದು ಪ್ಲಾಸ್ಟಿಕ್ಕಿನ ಪಟ್ಟಿ. ಆದುದರಿಂದ ಉಳಿದಿರುವ ಕಾಲದಲ್ಲಿ ಇವೆಲ್ಲವನ್ನೂ ಗಣಕಯಂತ್ರದ ಡಿಜಿಟಲ್ ರೂಪಕ್ಕೆ ತರಬೇಕೆಂಬುದರಲ್ಲಿ ಬಲ್ಲವರಿಗೆ ಭಿನ್ನಾಭಿಪ್ರಾಯವಿಲ್ಲ.

ಡಿಜಿಟಲ್ ಎಂದರೇನು? ಧ್ವನಿಯ ಏರಿಳಿತವನ್ನು ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಅಳೆದು, ಆ ಅಳತೆಗಳನ್ನು ಅಂಕಿಗಳಾಗಿ ಬರೆದಿಡುವುದು. ಧ್ವನಿ ಮತ್ತು ದೃಶ್ಯ ಭಂಡಾರಗಳವರ ಅಂತರರಾಷ್ಟ್ರೀಯ ಸಂಘವು ಹಳೆಯ ಟೇಪುಗಳನ್ನು ಪ್ರತಿಮಾಡುವವರಿಗೆ ವಿಧಿಸಿರುವುದು, ಸೆಕೆಂಡಿಗೆ ಕನಿಷ್ಠ 48,000 ಅಳತೆಗಳು, ಒಂದೊಂದು ಅಳತೆಯೂ 24 ಬಿಟ್ ಸೂಕ್ಷ್ಮತೆಯುಳ್ಳದ್ದು. ಹೀಗೆ ಹಿಡಿದರೆ ಎರಡು ವಾಹಿನಿಗಳ ಒಂದು ಘಂಟೆಯ ಪ್ರವಚನಕ್ಕೆ ಸುಮಾರು 1 ಗಿಗಾಬೈಟ್ ಸ್ಥಳ ಬೇಕಾಗುವುದು. ಅಂಗೈಯಗಲದ 1 ಟೆರಾಬೈಟ್ ಡಿಸ್ಕಿನಲ್ಲಿ ಅಂತಹ 900ಕ್ಕೂ ಹೆಚ್ಚು ಘಂಟೆಗಳು ಹಿಡಿಸುವುವು. ಮೊಬೈಲಿನಲ್ಲಿ ಕಳುಹಿಸಲು ಹಿಂಡಿ ಸಣ್ಣದು ಮಾಡಿದ ಪ್ರತಿಯೂ ಇರಲಿ, ಆದರೆ ಅದು ಹಂಚುವುದಕ್ಕೆ. ಹಿಂಡಿದ ಕಬ್ಬಿನ ಸಿಪ್ಪೆಯಿಂದ ಮತ್ತೆ ಕಬ್ಬು ಬಾರದು, ಮೂಲಪ್ರತಿಯನ್ನು ಹಿಂಡಬಾರದು. ವಾಟ್ಸಪ್ಪಿನಿಂದ ಬಂದ ಫೋಟೋವನ್ನು ಭಂಡಾರಕ್ಕೆ ತಂದುಕೊಡುವವರಿಗೆ ನಾನು, "ತೆಗೆದವರ ಹತ್ತಿರ ಮೂಲವಿದ್ದರೆ ಅದನ್ನೇ ತನ್ನಿ" ಎಂದು ಹೇಳಿ ಎಷ್ಟೋ ಜನರ ಮುನಿಸಿಗೆ ಪಾತ್ರನಾಗಿದ್ದೇನೆ.

ಈ ಹೊಸ ವಿಧಾನದಲ್ಲಿ ಒಂದು ದೊಡ್ಡ ಗುಣವಿರುವುದು. ಓಲೆಯನ್ನು ಪ್ರತಿಮಾಡಿದಾಗ ಲಿಪಿಕಾರನ ಕೈತಪ್ಪು ಸೇರುತ್ತಿದ್ದಿತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿಮಾಡಿದಾಗ ಸುಯ್ ಎಂಬ ಸದ್ದು ಒಂದು ಪಟ್ಟು ಹೆಚ್ಚುತ್ತಿದ್ದಿತು. ಅಂಕಿಗಳಲ್ಲಿ ಬರೆದುದು ನೂರನೆಯ ಪ್ರತಿಯಲ್ಲಿಯೂ ಮೊದಲಿನಂತೆಯೇ ಇರಬಲ್ಲದು. ಆದರೆ ಗುಣದಷ್ಟೇ ದೊಡ್ಡ ದೋಷವೂ ಉಂಟು. ಗೆದ್ದಲು ತಿಂದ ಓಲೆಯಲ್ಲಿ ತಿನ್ನದೆ ಬಿಟ್ಟ ಅಕ್ಷರಗಳನ್ನಾದರೂ ಓದಬಹುದು. ಹಾರ್ಡ್ ಡಿಸ್ಕು ಹಿಂದಿನ ದಿನ ಸಂಜೆ ಸರಿಯಾಗಿದ್ದು ಮರುದಿನ ಬೆಳಿಗ್ಗೆ ಏನನ್ನೂ ಹೇಳದೆ ಮೌನವಾಗುವುದು. ಅದರೊಡನೆ ಒಂಬೈನೂರು ಘಂಟೆಗಳೂ ಮೌನವಾಗುವುವು.

ಇಂಗ್ಲೆಂಡಿನ ಒಂದು ಉದಾಹರಣೆಯನ್ನು ಕೇಳಿರಿ. ಆ ದೇಶದ ಅರಸನೊಬ್ಬನು ತನ್ನ ರಾಜ್ಯದ ಭೂಮಿಕಾಣಿಗಳನ್ನೆಲ್ಲ ಅಳೆಯಿಸಿ 1086ರಲ್ಲಿ ಚರ್ಮದ ಹಾಳೆಗಳ ಮೇಲೆ ಬರೆಯಿಸಿದ ಡೂಮ್ಸ್‌ಡೇ ಪುಸ್ತಕವೆಂಬುದು ಇರುವುದು. ಅದಕ್ಕೆ ಒಂಬೈನೂರು ವರ್ಷಗಳು ತುಂಬಿದಾಗ, 1986ರಲ್ಲಿ, ಬಿಬಿಸಿ ಸಂಸ್ಥೆಯವರು ಅಂತಹದೇ ಹೊಸ ದಾಖಲೆಯೊಂದನ್ನು ಗಣಕಯಂತ್ರದಿಂದ ಓದುವ ಲೇಸರ್ ತಟ್ಟೆಗಳಲ್ಲಿ ಸಿದ್ಧಗೊಳಿಸಿದರು. ಶಾಲೆಯ ಮಕ್ಕಳು ತಮ್ಮ ತಮ್ಮ ಊರುಗಳ ವೃತ್ತಾಂತವನ್ನು ಬರೆದರು, ಚಿತ್ರಗಳನ್ನು ತೆಗೆದು ಕಳುಹಿಸಿದರು. ಹದಿನೈದು ಹದಿನಾರು ವರ್ಷಗಳು ಕಳೆಯುವಷ್ಟರಲ್ಲಿ ಆ ತಟ್ಟೆಯನ್ನು ಓದಬಲ್ಲ ಯಂತ್ರವೇ ಅಪರೂಪವಾಗಿ, ಪಂಡಿತರು ಹೆಣಗಾಡಿ ಅದರ ಒಳಗಿದ್ದುದನ್ನು ಹೊರತೆಗೆಯಬೇಕಾಯಿತು. ಒಂಬೈನೂರು ವರ್ಷಗಳ ಹಿಂದಿನ ಚರ್ಮದ ಪುಸ್ತಕವನ್ನು ಲ್ಯಾಟಿನ್ ಬಲ್ಲವರು ಇಂದಿಗೂ ತೆರೆದು ಓದುವರು. ಇದನ್ನು ಕೇಳಿ ನಮ್ಮ ಪಾಠಶಾಲೆಯ ಹಿರಿಯರೊಬ್ಬರು, ಹಾಗಾದರೆ ಓಲೆಯೇ ಲೇಸಲ್ಲವೆ ಎಂದರು. ಓಲೆಯು ಹಾಡಲಾರದು, ಏನು ಮಾಡುವುದು?

ಆದುದರಿಂದ ಬಲ್ಲವರು ಮೂರು ಪ್ರತಿಗಳಿರಲಿ ಎನ್ನುವರು. ಅವು ಒಂದೇ ಬಗೆಯ ವಸ್ತುವಿನಲ್ಲಿರಬಾರದು, ಎರಡು ಬಗೆಯವಾಗಿರಬೇಕು. ಒಂದು ಪ್ರತಿ ಬೇರೊಂದು ಊರಿನಲ್ಲಿರಬೇಕು. ಒಂದೇ ಕಪಾಟಿನಲ್ಲಿ ಮೂರು ಡಿಸ್ಕುಗಳನ್ನಿಟ್ಟವನಿಗೆ ಬೆಂಕಿಯ ಮುಂದೆ ಇರುವುದು ಒಂದೇ ಪ್ರತಿ. 2003ನೆಯ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರದ ಹಳೆಯ ನೈಟ್ರೇಟ್ ಫಿಲ್ಮುಗಳು ಬೆಂಕಿಗೆ ಆಹುತಿಯಾದುವು. ಕನ್ನಡದ ಮೊದಲ ಮಾತಿನ ಚಿತ್ರವಾದ 1934ರ ಸತಿ ಸುಲೋಚನವಂತೂ ಭಂಡಾರವನ್ನೇ ಸೇರಲಿಲ್ಲ. ಅದರ ಒಂದು ಪ್ರತಿಯೂ ಉಳಿದು ಬಂದಿಲ್ಲ. ಬೆಳ್ಳಿಯ ಪರದೆಯ ಮೇಲೆ ಕನ್ನಡವು ಮೊದಲು ಆಡಿದ ಮಾತು ಹೇಗೆ ಕೇಳುತ್ತಿದ್ದಿತೆಂಬುದನ್ನು ಇನ್ನು ಯಾರೂ ಅರಿಯರು.

"ಎಲ್ಲವನ್ನೂ ಅಂತರಜಾಲಕ್ಕೆ ಏರಿಸಿದ್ದೇವಲ್ಲ, ಯೂಟ್ಯೂಬಿನಲ್ಲಿದೆಯಲ್ಲ" ಎನ್ನುವ ತರುಣರು ನಮ್ಮಲ್ಲಿ ಬಹಳ. ಅದು ಸಂತೆ, ಭಂಡಾರವಲ್ಲ. ಸಂತೆಯಲ್ಲಿ ಇಟ್ಟ ಸರಕನ್ನು ನಾಲ್ಕು ಜನ ನೋಡುವರು, ಒಳ್ಳೆಯದೇ. ಆದರೆ ಸಂತೆಯ ಒಡೆಯನು ನಮ್ಮ ಸರಕಿಗೆ ಹೊಣೆಯಲ್ಲ. ಮೈಸ್ಪೇಸ್ ಎಂಬ ತಾಣವು ತನ್ನಲ್ಲಿ 2016ಕ್ಕೆ ಮುಂಚೆ ಜನರು ಇರಿಸಿದ್ದ ಹಾಡುಗಳು ಯಂತ್ರಗಳ ವರ್ಗಾವಣೆಯಲ್ಲಿ ಕಳೆದುಹೋದುವೆಂದು 2019ರಲ್ಲಿ ತಿಳಿಸಿ ಕ್ಷಮೆ ಕೇಳಿತು. ಕೋಟಿಗಟ್ಟಲೆ ಹಾಡುಗಳಿಗೆ ಒಂದು ಕ್ಷಮಾಪಣೆ.

ಇಲ್ಲಿಯವರೆಗೆ ಹೇಳಿದುದು ಕಳೆದುಹೋಗುವ ಭಯ. ಈಚೆಗೆ ಮತ್ತೊಂದು ಭಯ ಸೇರಿಕೊಂಡಿದೆ. ಒಬ್ಬರ ಮಾತಿನ ಅಲ್ಪ ಭಾಗವನ್ನು ಯಂತ್ರಕ್ಕೆ ಕೇಳಿಸಿದರೆ, ಅವರು ಎಂದೂ ಆಡದ ಮಾತನ್ನು ಅವರ ಧ್ವನಿಯಲ್ಲಿಯೇ ಅದು ಆಡಿಬಿಡುವುದು. ಲಿಂಗೈಕ್ಯರಾದ ಗುರುಗಳವರು ಇಂಥವರಿಗೆ ಜಮೀನು ಕೊಡಿರೆಂದರು, ಇಂಥವರನ್ನು ಪೀಠಕ್ಕೆ ತನ್ನಿರೆಂದರು ಎಂದು ನಾಳೆ ಯಾರಾದರೂ ಮೊಬೈಲನ್ನು ಮುಂದೆ ಹಿಡಿದರೆ, ಧ್ವನಿಯು ಅವರದೇ ಎಂದು ಮುದುಕರೆಲ್ಲ ಕಣ್ಣೀರು ತುಂಬಿ ಒಪ್ಪಿಕೊಂಡರೆ, ನಾವು ಏನೆಂದು ಉತ್ತರ ಕೊಡುವೆವು?

ಈ ತೊಡಕು ರೂಪದಲ್ಲಿ ಹೊಸದಾದರೂ ಸ್ವಭಾವದಲ್ಲಿ ನಮಗೆ ಹಳೆಯದು. ಕೂಡಲಸಂಗಮದೇವ ಎಂಬ ಅಂಕಿತವನ್ನು ಕಂಡೊಡನೆ ಬಸವಣ್ಣನವರ ವಚನವೆಂದು ಕೈಮುಗಿಯುವೆವು. ಅಂಕಿತವನ್ನು ಯಾರೂ ಬರೆಯಬಹುದಾದುದರಿಂದಲೇ ಪ್ರಕ್ಷಿಪ್ತಗಳು ನುಸುಳಿದುವು. ಹಲವು ಓಲೆಕಟ್ಟುಗಳನ್ನು ಎದುರುಬದುರಾಗಿಟ್ಟು, ಹಳೆಯ ಕಟ್ಟಿನಲ್ಲಿ ಇದು ಇದೆಯೇ ಇಲ್ಲವೇ ಎಂದು ನೋಡಿ ಸಂಪಾದಕರು ತೀರ್ಮಾನಿಸಬೇಕಾಯಿತು. ಡಿಜಿಟಲ್ ಕಡತಗಳಿಗೆ ಇದಕ್ಕಿಂತ ಬಿಗಿಯಾದ ಒಂದು ಗುರುತನ್ನು ಗಣಿತಜ್ಞರು ಕಂಡುಹಿಡಿದಿರುವರು. ಶಾ-256 ಎಂಬ ಕ್ರಮದಲ್ಲಿ ಗಣಕಯಂತ್ರವು ಕಡತವನ್ನು ಆದಿಯಿಂದ ಅಂತ್ಯದವರೆಗೆ ಓದಿ, ಅಂಕಿಗಳೂ ರೋಮನ್ ಅಕ್ಷರಗಳೂ ಬೆರೆತ 64 ಚಿಹ್ನೆಗಳ ಒಂದು ಸಾಲನ್ನು ಕೊಡುವುದು. ಒಂದು ಘಂಟೆಯ ಪ್ರವಚನದಲ್ಲಿ ಒಂದು ಕೆಮ್ಮನ್ನು ತೆಗೆದರೂ ಸಾಲು ಪೂರ್ತಿ ಬೇರೆಯಾಗುವುದು. ಕಡತವನ್ನು ಭಂಡಾರಕ್ಕೆ ಸೇರಿಸಿದ ದಿನವೇ ಆ ಸಾಲನ್ನು ದಫ್ತರಿನಲ್ಲಿ ಬರೆದಿಟ್ಟರೆ, ಇಪ್ಪತ್ತು ವರ್ಷಗಳ ಮೇಲೆ ಪುನಃ ಎಣಿಸಿ ಹೋಲಿಸಬಹುದು. ಸರಿಹೊಂದಿದರೆ ಅಂದಿನದೇ ಇಂದು ಇದೆ. ಹೊಂದದಿದ್ದರೆ ಡಿಸ್ಕು ಕೆಟ್ಟಿತೋ ಮನುಷ್ಯ ಕೈಯಾಡಿಸಿದನೋ, ಎರಡರಲ್ಲೊಂದು.

ಆದರೆ ಈ ಗುರುತಿನ ಶಕ್ತಿಯನ್ನು ಅತಿಯಾಗಿ ಹೊಗಳಬಾರದು. ಅಂದಿನಿಂದ ಬದಲಾಗಿಲ್ಲವೆಂಬುದನ್ನು ಮಾತ್ರ ಅದು ಹೇಳುವುದು. ಅಂದು ಮಾತನಾಡಿದವರು ಯಾರೆಂಬುದನ್ನು ಅದು ಬಲ್ಲುದಲ್ಲ. ಅದನ್ನು ಹೇಳತಕ್ಕವರು ಅಲ್ಲಿ ಕುಳಿತು ಕೇಳಿದ ಮನುಷ್ಯರು. ಆದುದರಿಂದ ದಫ್ತರಿನಲ್ಲಿ ಮುದ್ರಿಸಿದವನ ಸಹಿಯೊಡನೆ, ಹಾಜರಿದ್ದ ಇಬ್ಬರ ಸಹಿಯೂ ಮಸಿಯಲ್ಲಿ ಇರಬೇಕೆಂದು ನನ್ನ ಹಟ. ಗಣಕಯಂತ್ರದಲ್ಲಿಯೂ ಪಟ್ಟಿಯಿರಲಿ, ಬೇಡವೆನ್ನೆನು. ಕಾಗದದ ದಫ್ತರು ಮಾತ್ರ ಇರಲೇಬೇಕು.

ಹೆಸರುಗಳ ವಿಷಯಕ್ಕೆ ಮತ್ತೆ ಬರುವೆನು, ಏತಕ್ಕೆಂದರೆ ಕಾಲ ಮೀರುತ್ತಿರುವುದು ಅಲ್ಲಿಯೇ. ಟ್ರಂಕಿನಲ್ಲಿ ಸಿಕ್ಕಿದ ಒಂದು ಸ್ಪೂಲಿನಲ್ಲಿ ಒಬ್ಬ ಹೆಣ್ಣುಮಗಳು ವಚನವನ್ನು ಹಾಡಿರುವಳು. ಹೆಸರಿಲ್ಲ, ದಿನವಿಲ್ಲ. ಕಂಠವು ಎಷ್ಟು ಶುದ್ಧವೆಂದರೆ ಕೇಳಿದ ನಾವೆಲ್ಲ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಊರಿನ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಕೇಳಿಸಿದೆವು. ಯಾರಿಗೂ ಗುರುತು ಹತ್ತಲಿಲ್ಲ. ಕಡೆಗೆ ಹಿಂದೆ ಮಠದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದ ವೃದ್ಧರೊಬ್ಬರನ್ನು ಕೈಹಿಡಿದು ಕರೆತಂದೆವು. ಅವರು ಹಾಡಿನ ಕಡೆಗೆ ಗಮನವನ್ನೇ ಕೊಡಲಿಲ್ಲ. "ಪೇಟಿ ನಂದs ಐತಿ," ಎಂದರು. "ಕರೀ ಪಟ್ಟಿ ಒಂದು ಸೀಳಿ ಹೋಗಿತ್ತು. ಕೇಳ್ರಿ, ಅಲ್ಲಿ ಬಂತು. ಅದನ್ನ ನಾ ದೊಡ್ಡ ಬರದ ಮರುವರ್ಷ ರಿಪೇರಿ ಮಾಡಿಸೇನಿ." 1972ರ ಬರಗಾಲವನ್ನು ಅವರು ಹೇಳಿದುದು. ಹೀಗೆ ಒಂದು ಅಪಸ್ವರದಿಂದ ಆ ಸ್ಪೂಲಿನ ಕಾಲ ತಿಳಿಯಿತು. ಕಾಲ ತಿಳಿದ ಮೇಲೆ ಆ ವರ್ಷಗಳಲ್ಲಿ ಯಾರು ಯಾರು ಹಾಡುತ್ತಿದ್ದರೆಂದು ಅವರೇ ಯೋಚಿಸಿ ಹೆಸರನ್ನೂ ಹೇಳಿದರು. ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಿ ಆಕೆ. ಆಕೆ ಹಾಡುತ್ತಿದ್ದಳೆಂಬುದು ಆಕೆಯ ಮೊಮ್ಮಕ್ಕಳಿಗೂ ತಿಳಿದಿರಲಿಲ್ಲ. ಅವರನ್ನು ಕರೆಸಿ ಕೇಳಿಸಿದ ದಿನದ ವಿಷಯವನ್ನು ನಾನು ವರ್ಣಿಸಲಾರೆ. ಹಾರ್ಮೋನಿಯಂ ವೃದ್ಧರು ಈ ಮಹೋತ್ಸವವನ್ನು ಕಾಣಲಿಲ್ಲ. ಐದು ತಿಂಗಳ ಹಿಂದೆ ತೀರಿಕೊಂಡರು. ಇನ್ನು ಎಂಟು ಸ್ಪೂಲುಗಳಿಗೆ ಹೆಸರಿಲ್ಲ. ಕೇಳಬೇಕೆಂದರೆ ಅಂಥವರು ಊರಿನಲ್ಲಿ ಈಗ ಬಹಳ ಮಂದಿ ಇಲ್ಲ.

ಯಾವುದನ್ನು ಯಾರಿಗೆ ಕೊಡಬೇಕೆಂಬ ವಿಷಯದಲ್ಲಿ ಒಂದೆರಡು ಮಾತು. ಪ್ರವಚನವು ಲೋಕಕ್ಕಾಗಿ ಆಡಿದುದು. ಅದನ್ನು ಎಲ್ಲರೂ ಕೇಳಲಿ. ಆದರೆ ಕೆಲವು ಟೇಪುಗಳಲ್ಲಿ ಯಂತ್ರವನ್ನು ನಿಲ್ಲಿಸಲು ಮರೆತುದರಿಂದ, ಪ್ರವಚನವಾದ ಮೇಲೆ ಭಕ್ತರು ಗುರುಗಳವರ ಮುಂದೆ ಕುಳಿತು ಹೇಳಿಕೊಂಡ ಮನೆಯ ಸಂಕಟಗಳೂ ಸೇರಿವೆ. ಸಾಲ, ಸೊಸೆಯ ಜಗಳ, ಮಗನ ಕುಡಿತ. ಹೇಳಿದವರು ಗುರುಗಳಿಗೆ ಹೇಳಿದರು, ಯಂತ್ರಕ್ಕಲ್ಲ. ಇವನ್ನು ಅಳಿಸಬೇಕೆಂದು ಕೆಲವರು, ಚರಿತ್ರೆಗೆ ಬೇಕೆಂದು ಕೆಲವರು. ನನ್ನ ಅಭಿಪ್ರಾಯದಲ್ಲಿ ಆ ಭಾಗಗಳನ್ನು ಬೇರೆ ಮಾಡಿ ಮುಚ್ಚಿಡಬೇಕು. ಸಂಬಂಧಪಟ್ಟ ಮನೆಯವರ ಒಪ್ಪಿಗೆಯಿಲ್ಲದೆ ಯಾರಿಗೂ ಕೇಳಿಸಬಾರದು, ನನಗೂ ಕೂಡ. ಹೊರಗಿನ ಗಾಯಕರು, ನಾಟಕದವರು, ಉಪನ್ಯಾಸಕರು ಇಲ್ಲಿ ಬಂದು ಹಾಡಿದುದನ್ನೂ ಆಡಿದುದನ್ನೂ ಪ್ರಕಟಿಸುವ ಮುನ್ನ ಅವರ ಬರಹದ ಒಪ್ಪಿಗೆ ಬೇಕು. 1957ರ ಕೃತಿಸ್ವಾಮ್ಯದ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ತರುವಾಯ 60 ವರ್ಷಗಳವರೆಗೆ ಇರುವುದು. ಕಾಯಿದೆಯ ಮಾತು ಅಂತಿರಲಿ. ಕೇಳಿ ಪಡೆಯುವುದು ನಮ್ಮ ಮರ್ಯಾದೆ.

ಎಲ್ಲವನ್ನೂ ಇಡಬೇಕೆಂಬ ಹುಚ್ಚೂ ಬೇಡ. ನಿನ್ನೆಯ ಒಂದು ದಿನದಲ್ಲಿಯೇ ಹಾರ ಹಾಕುವ ಚಿತ್ರಗಳನ್ನು ಎಷ್ಟು ತೆಗೆದಿರುವರೋ ಎಣಿಸುವವರಿಲ್ಲ. ಹಾರ ಹಾಕಿದವರಿಗೆ ಒಂದೊಂದನ್ನು ಕೊಟ್ಟು, ಭಂಡಾರಕ್ಕೆ ಅವುಗಳಲ್ಲಿ ನಾಲ್ಕನ್ನು ಸೇರಿಸಿದರೆ ಸಾಕು. ಇದಕ್ಕೆ ಪ್ರತಿಯಾಗಿ, ಅಡಿಗೆಯ ಒಲೆಗಳ ಸಾಲನ್ನೂ, ನೀರು ಹೊರುವವರನ್ನೂ, ಎತ್ತಿನ ಗಾಡಿಯಲ್ಲಿ ಬಂದ ಕೊನೆಯ ಕೆಲವು ಕುಟುಂಬಗಳನ್ನೂ ಯಾರೂ ತೆಗೆದಂತಿಲ್ಲ. ಇನ್ನು ಮೂರು ದಿನಗಳಿವೆ. ತರುಣರು ಕ್ಯಾಮರಾವನ್ನು ಸ್ವಲ್ಪ ಅತ್ತ ತಿರುಗಿಸಲಿ. ತೆಗೆದ ದಿನವೇ ಚಿತ್ರದಲ್ಲಿರುವವರ ಹೆಸರನ್ನು ಕೇಳಿ ಬರೆದುಕೊಳ್ಳಲಿ.

ಶ್ರೀ ಸನ್ನಿಧಾನದಲ್ಲಿ ನನ್ನ ಬಿನ್ನಹವಿಷ್ಟು. ಈ ಭಂಡಾರಕ್ಕೆ ಒಬ್ಬ ಪಾಲಕನನ್ನು ಹೆಸರು ಹಿಡಿದು ನೇಮಿಸೋಣವಾಗಲಿ. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ. ಮೂರು ಟ್ರಂಕುಗಳು ಆ ಸ್ಥಿತಿಗೆ ಬಂದುದು ಹಾಗೆಯೇ. ಅವನ ಕೈಕೆಳಗೆ ಪಾಠಶಾಲೆಯ ಇಬ್ಬರು ವಿದ್ಯಾರ್ಥಿಗಳು ಕಲಿಯುತ್ತಿರಲಿ, ಅವನು ಬಿಟ್ಟ ದಿನ ಬೀಗದ ಕೈಯೂ ಗಣಕಯಂತ್ರದ ಗುಪ್ತಪದವೂ ಅವನೊಡನೆ ಹೋಗಬಾರದು. ಡಿಸ್ಕುಗಳನ್ನು ಐದು ವರ್ಷಗಳಿಗೊಮ್ಮೆ ಹೊಸದಕ್ಕೆ ವರ್ಗಾಯಿಸುವ ಖರ್ಚನ್ನು, ದೀಪದ ಎಣ್ಣೆಯ ಖರ್ಚಿನಂತೆ, ಮಠದ ವಾರ್ಷಿಕ ಲೆಕ್ಕದಲ್ಲಿ ಖಾಯಮ್ಮಾಗಿ ಸೇರಿಸೋಣವಾಗಲಿ. ಒಮ್ಮೆ ದೊಡ್ಡ ದಾನ ಪಡೆದು ಯಂತ್ರಗಳನ್ನು ಕೊಂಡು, ಆ ಮೇಲೆ ಹತ್ತು ವರ್ಷ ಮರೆತುಬಿಟ್ಟ ಸಂಸ್ಥೆಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಯಂತ್ರಗಳ ಮೇಲೆ ದಾನಿಗಳ ಹೆಸರು ಸ್ಪಷ್ಟವಾಗಿದೆ. ಒಳಗಿರುವುದು ಏನೆಂಬುದು ಮಾತ್ರ ತಿಳಿಯದು.

ಭಕ್ತರಲ್ಲಿ ನನ್ನ ಪ್ರಾರ್ಥನೆ ಬೇರೆ. ತಮ್ಮ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳು ಇರಬಹುದು. ಗುರುಗಳವರು ಗೃಹಪ್ರವೇಶಕ್ಕೋ ಮದುವೆಗೋ ದಯಮಾಡಿಸಿದಾಗ ಆಡಿದ ಮಾತುಗಳು ಅವುಗಳಲ್ಲಿ ಇರಬಹುದು. ದಯವಿಟ್ಟು ಅವನ್ನು ಮನೆಯ ಹಳೆಯ ಯಂತ್ರಕ್ಕೆ ಹಾಕಿ ನೋಡಬೇಡಿ, ಬಿಸಿಲಿಗೂ ಇಡಬೇಡಿ, ಒರೆಸಲೂ ಬೇಡಿ. ಇದ್ದ ಹಾಗೆಯೇ ತನ್ನಿ. ಹಿಂಬದಿಯ ಎರಡು ಹಲ್ಲುಗಳನ್ನು ಮುರಿದುಕೊಂಡು ತಂದರೆ ಇನ್ನೂ ಒಳ್ಳೆಯದು. ಪ್ರತಿಮಾಡಿಕೊಂಡು ಮೂಲವನ್ನು ಹಿಂದಿರುಗಿಸುವೆವು, ರಸೀದಿಯನ್ನು ಕೊಡುವೆವು. ಆ ಶ್ರಾವಣದ ಪ್ರವಚನವನ್ನು ಅಂದು ಬೇರೆ ಯಾರಾದರೂ ತಮ್ಮ ಸ್ವಂತ ಯಂತ್ರದಲ್ಲಿ ಹಿಡಿದಿದ್ದರೆ, ಅಂಥವರ ಮನೆಗೆ ಬಿಸಿಲಾಗಲಿ ಮಳೆಯಾಗಲಿ ನಾನೇ ನಡೆದು ಬರುವೆನು.

ಪುಸ್ತಕಭಂಡಾರದ ಪಕ್ಕದ ಕೋಣೆಯು ಮಹೋತ್ಸವದ ಉಳಿದ ದಿನಗಳಲ್ಲಿ ಮಧ್ಯಾಹ್ನದ ಪ್ರಸಾದವಾದ ಮೇಲೆ ಮೂರು ಘಂಟೆಯಿಂದ ಆರು ಘಂಟೆಯವರೆಗೆ ತೆರೆದಿರುವುದು. ಹೆಸರಿಲ್ಲದ ಎಂಟು ಸ್ಪೂಲುಗಳ ಪ್ರತಿಯನ್ನು ಅಲ್ಲಿ ಕೇಳಿಸಲಾಗುವುದು. ಎಪ್ಪತ್ತು ವರ್ಷ ಮೀರಿದ ಹಿರಿಯರನ್ನು ಮಕ್ಕಳು ಕರೆದುಕೊಂಡು ಬರಬೇಕು. ಕುಳಿತುಕೊಳ್ಳಲು ಕುರ್ಚಿಗಳನ್ನು ಹಾಕಿಸಿದ್ದೇವೆ.